ಇಪ್ಪತ್ತಮೂರನೇ ಪ್ರಶ್ನೆ

ಪಿನ್ನಿನ ಮೊನೆ ಉಗುರಿನ ಸಂದಿಗೆ ಚುಚ್ಚುತ್ತಿದೆ, ಚುಚ್ಚಲಿ, ಹಿಡಿತ ಮಾತ್ರ ಸಡಿಲಿಸಬಾರದು, ಈ ಹಾಳೆಗಳು ಪ್ರಿನ್ಸಿಪಾಲರ ಕೈಗೆ ಸಿಕ್ಕರೆ ಮುಗಿಯಿತು — ಎಡಗಡೆ ನಂಬರು, ಬಲಗಡೆ ಹೆಸರು, ಯಾವ ನಂಬರು ಯಾವ ಮಗು ಎಂದು ಈ ಶಾಲೆಯಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ, ಮುಂದೇನು ಓದಬೇಕು, ಏನಾಗಬೇಕು ಎಂದು ದಾರಿ ತೋರಿಸುವ ಕೌನ್ಸೆಲರಿಗೆ, ಮಕ್ಕಳ ಬಾಯಲ್ಲಿ ಪ್ರಶ್ನೆ ಮಿಸ್ಸಿಗೆ. ನಲವತ್ತು ಪ್ರಶ್ನೆಗಳ ಸರ್ವೆ, ನೂರ ಎಂಬತ್ತಾರು ಮಕ್ಕಳು, ಮೂರು ವಾರ ಕಣ್ಣು ಉರಿಯುವ ತನಕ ಕೂತು ಕಂಪ್ಯೂಟರಿಗೆ ತುಂಬಿದ್ದಾಳೆ, ನಡುವೆ ನಗುವೂ ಬಂದಿತ್ತು, ಏನಾಗಲು ಇಷ್ಟ ಎಂಬಲ್ಲಿ ಒಬ್ಬ ಪ್ರಿನ್ಸಿಪಾಲ್ ಎಂದು ಬರೆದು ಪಕ್ಕದಲ್ಲಿ ಕಾರಣ, ಕೆಲಸ ಕಡಿಮೆ, ಎಂದಿದ್ದ — ಮೇಡಂ, ಎಲ್ಲಿ ನೋಡ್ತಿದೀರಿ, ನಾನು ಇಲ್ಲಿದೀನಿ. ಹೌದು, ಇಲ್ಲೇ ಇದ್ದಾರೆ ಪ್ರಿನ್ಸಿಪಾಲರು, ಗಾಜಿನ ಮೇಜಿನ ಆಚೆ, ಕೈ ಚಾಚಿಕೊಂಡು, ಕಾಲೇಜಿಗೆ ಹೋಗಲ್ಲ ಅಂದಿರೋ ಆ ಮೂವತ್ತೊಂದು ಜನರ ಹೆಸರು ಕೊಡಿ ಸಾಕು, ಪರೀಕ್ಷೆಗೆ ಮುಂಚೆ ಬೇರೆ ಶಾಲೆಗೆ ಸಾಗಹಾಕಿಬಿಡೋಣ, ಗೇಟಿನ ಬೋರ್ಡಲ್ಲಿ ನೂರಕ್ಕೆ ನೂರು ಕಾಲೇಜಿಗೆ ಅಂತ ಬರೆಸಬಹುದು. ಸಾಗಹಾಕುವುದಂತೆ, ಕಾಲು ಮುರಿದ ಬೆಂಚುಗಳ ಬಗ್ಗೆ ಹೇಳಿದ ಹಾಗೆ. ನನ್ನೊಬ್ಬಳನ್ನ ಬಿಟ್ಟು ಯಾರಿಗೂ ಗೊತ್ತಾಗಲ್ಲ ಬರೀರಿ ಎಂದು ಮಾತು ಕೊಟ್ಟಿದ್ದಳು, ಅದನ್ನು ನಂಬಿ ತಾನೇ ಅವರು ಬರೆದದ್ದು. ಸಾರ್, ಇಪ್ಪತ್ತಮೂರನೇ ಪ್ರಶ್ನೆ ನೋಡಿದ್ರಾ, ಮುಂದೇನು ಓದ್ತೀಯ ಅಂತ ನಿನ್ನನ್ನ ಯಾರು ಕೇಳಿದಾರೆ ಅಂತ, ಆ ಮೂವತ್ತೊಂದರಲ್ಲಿ ಇಪ್ಪತ್ತೆರಡು ಮಕ್ಕಳು ಯಾರೂ ಕೇಳಿಲ್ಲ ಅಂತ ಬರೆದಿದಾರೆ. ಯಾರೂ ಕೇಳಿಲ್ಲ — ಅವಳನ್ನು ಯಾರು ಕೇಳಿದ್ದರು, ಅಂದು ಕಾಲೇಜಿನ ಅಡ್ಮಿಷನ್ ಕೌಂಟರಿನ ಮುಂದೆ ಭಾವ ನಿಂತಿದ್ದಾರೆ, ಯಾವ ವಿಷಯಮ್ಮಾ ಎಂದು ಗುಮಾಸ್ತ ಅವಳ ಮುಖ ನೋಡಿಯೇ ಕೇಳುತ್ತಾನೆ, ಉತ್ತರ ಭಾವನದು, ಇವಳಿಗೆ ಗಣಿತ ಗಿಣಿತ ತಲೆಗೆ ಹತ್ತಲ್ಲ, ಯಾವುದು ಸುಲಭವೋ ಅದನ್ನ ಬರ್ಕೊಳ್ಳಿ, ಹಿಂದೆ ನಿಂತ ಅಕ್ಕ ಜಡೆ ಸರಿಮಾಡುತ್ತಿದ್ದಳು, ಸುಮ್ನಿರೇ ಎಂದು ಅಕ್ಕನ ಬೆರಳುಗಳೇ ಹೇಳುತ್ತಿದ್ದವು, ಸುಮ್ಮನಿದ್ದಳು, ಗಣಿತದಲ್ಲಿ ತೊಂಬತ್ತನಾಲ್ಕು ತೆಗೆದವಳು ಸುಮ್ಮನಿದ್ದಳು. ನಿಮಗೆ ಕೆಲಸ ಬೇಕೋ ಬೇಡ್ವೋ ಮೇಡಂ? ಬೇಕು ಸಾರ್, ಆದ್ರೆ ಈ ಕೆಲಸ ಅಲ್ಲ, ಎಂದಿತು ಬಾಯಿ, ಅಷ್ಟರಲ್ಲಿ ಕೈ ಹಾಳೆಗಳನ್ನು ಹರಿದಾಗಿತ್ತು, ಎರಡು, ನಾಲ್ಕು, ಎಂಟು, ಹದಿನಾರು — ಗಣಿತ ತಲೆಗೆ ಹತ್ತುತ್ತದೆ, ನೋಡಿ ಭಾವ. ಪ್ರಿನ್ಸಿಪಾಲರ ಮುಖ ಕೆಂಪಗಾಯಿತು, ಕಂಪ್ಯೂಟರಲ್ಲಿ ಇರುತ್ತಲ್ಲ? ಅಲ್ಲಿ ಬರೀ ನಂಬರಿದೆ ಸಾರ್. ನಾಳೆ ಕಮಿಟಿ ಮುಂದೆ ಇದನ್ನೇ ಹೇಳಿ ನೋಡೋಣ. ಹೇಳ್ತೀನಿ ಸಾರ್, ಇದನ್ನೇ ಹೇಳ್ತೀನಿ.

ಮೆಟ್ಟಿಲು ಹತ್ತುವಾಗ ಹೊಳೆಯಿತು, ಒಬ್ಬೊಬ್ಬರನ್ನೇ ಕರೆದು ಕೂರಿಸಿ ಮಾತಾಡಬೇಕು ಎಂದುಕೊಂಡಿದ್ದಳಲ್ಲ, ಈಗ ಯಾರನ್ನು ಕರೆಯುವುದು, ಅವಳಿಗೂ ಗೊತ್ತಿಲ್ಲ, ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿದರಾಯಿತು — ಕೊನೆಯ ವರ್ಷದ ಮೊದಲ ಸೆಕ್ಷನ್, ಸೀಮೆಸುಣ್ಣದ ಪುಡಿ, ಐವತ್ತೆಂಟು ತಲೆಗಳು, ನೋಡ್ರಪ್ಪಾ, ನಿಮ್ಮ ಹೆಸರಿನ ಪಟ್ಟಿ ಹರಿದು ಹಾಕಿದೀನಿ, ಯಾರು ಏನು ಬರೆದ್ರಿ ಅಂತ ಇನ್ನು ನನಗೂ ಗೊತ್ತಾಗಲ್ಲ, ಮುಂದೇನು ಅಂತ ಯಾರನ್ನ ಯಾರೂ ಕೇಳಿಲ್ವೋ ಅವರನ್ನ ನಾನು ಕೇಳ್ತೀನಿ, ಆದ್ರೆ ನೀವಾಗೇ ಬರಬೇಕು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ನಗಲಿ, ನಾಳೆ ಕೆಲಸ ಇರುತ್ತದೋ ಹೋಗುತ್ತದೋ, ಇವತ್ತು ಗಂಟೆ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷ ಇದೆ, ನಿಲ್ಲುತ್ತೇನೆ, ಕದಲುವುದಿಲ್ಲ — ಕಿಟಕಿಯ ಪಕ್ಕ, ಮೂರನೇ ಸಾಲು, ಒಂದು ಕೈ, ಎತ್ತಿದ್ದಲ್ಲ, ಕಿವಿಯ ತನಕ ಬಂದು ಅಲ್ಲೇ ನಿಂತ ಕೈ, ಕಿವಿ ಕೆರೆಯುವ ನೆಪ ಹೂಡಿದ ಕೈ, ಇಳಿಸಬೇಡ ಕಣೇ, ಇಳಿಸಬೇಡ, ಇಳಿಯಲಿಲ್ಲ, ಬೆರಳುಗಳು ಬಿಚ್ಚಿಕೊಂಡವು, ಶಾಯಿ ಮೆತ್ತಿದ ಐದು ಬೆರಳು, ಆ ಕೈ, ಈಗ ತಲೆಗಿಂತ ಒಂದು ಗೇಣು ಮೇಲೆ, ಆ ಕೈ