ಹಾಲಿನಾ ನಿದ್ದೆ ಹೋದ ಗುರುವಾರ

ತಾಯಾಣೆಗೂ ನಡೆದದ್ದು ಯಜಮಾನರೇ, ಬೇಕಾದರೆ ಈ ಕಾದ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳುತ್ತೇನೆ. ಮೂರು ವಾರದ ಹಿಂದೆ ಅಮೆರಿಕದ ಈ ನಮ್ಮ ರಿಚರ್ಡ್‌ಸನ್ನಿನಲ್ಲಿ ಎಂಥ ಬಿಸಿಲೆಂದರೆ, ಹಕ್ಕಿಗಳು ಹಾರಲು ಬೇಸತ್ತು ಪಾರ್ಕಿಂಗ್ ಲಾಟಿನಲ್ಲಿ ಕಾರುಗಳ ನೆರಳು ಹಿಡಿದು ನಡೆದೇ ಹೋಗುತ್ತಿದ್ದವು. ಅಂಥ ಒಂದು ಗುರುವಾರ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ ಅಪ್ಪಾಸಾಹೇಬರು ಹಾಲಿನಾಳ ಕೈಗೆ ಒಂದು ಪುಸ್ತಕ ಇಟ್ಟರು.

ಅಪ್ಪಾಸಾಹೇಬರು ಹುಬ್ಬಳ್ಳಿಯ ಗಿರಣಿಯಲ್ಲಿ ಮೂವತ್ತು ವರ್ಷ ಕೆಂಪು ಬಾವುಟ ಹಿಡಿದವರು. ಈಗ ಮಗಳು ಐಶ್ವರ್ಯಾಳ ಜೊತೆ ಇದ್ದಾರೆ. ಹಾಲಿನಾ ಯುದ್ಧ ಶುರುವಾದ ಮೇಲೆ ಉಕ್ರೇನಿನಿಂದ ಬಂದವಳು. ಗುರುವಾರ ಗುರುವಾರ ಇಬ್ಬರೂ ಒಗೆದ ಚಾದರದ ಎರಡು ತುದಿ ಹಿಡಿದು ಮಡಚುತ್ತಾರೆ. ಹೆಂಡತಿ ಸುಮಿತ್ರವ್ವ ಹೋದ ಮೇಲೆ ಅವರ ಚಾದರದ ಇನ್ನೊಂದು ತುದಿ ಹಿಡಿದವಳು ಇವಳೊಬ್ಬಳೇ. ಮಾತೆಲ್ಲ ಫೋನಿನ ಅನುವಾದದ ಮೂಲಕ. ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಅದು ಹರಿಕಥೆ ದಾಸರ ಕನ್ನಡದಲ್ಲಿ ಹೇಳುತ್ತದೆ.

ಪುಸ್ತಕ ಕನ್ನಡಕ್ಕೆ ಬಂದ ರಷ್ಯನ್ ಕಾದಂಬರಿ. ಮುಷ್ಕರದ ಎರಡು ತಿಂಗಳು ಅದನ್ನು ಗಿರಣಿ ಗೇಟಿನಲ್ಲಿ ಗಟ್ಟಿಯಾಗಿ ಓದಿ ಇನ್ನೂರು ಮಂದಿಯ ಹಸಿವು ಮರೆಸಿದ್ದರಂತೆ. ಒಮ್ಮೊಮ್ಮೆ ಮುನ್ನೂರು ಅನ್ನುತ್ತಾರೆ. ಶಾಲೆ ಮಕ್ಕಳ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಹೊದಿಕೆ ಹಾಕಿ, ಚೀಟಿ ಅಂಟಿಸಿ, ಅವಳ ಹೆಸರು ಬರೆದಿದ್ದರು.

"ನಿಮ್ಮ ಕಡೀದ್ರೀ ಇದು," ಅಂದರು. "ಇಟ್ಕೋರಿ."

ಹಾಲಿನಾ ಮೊದಲ ಪುಟದ ಗಡ್ಡದ ಲೇಖಕನ ಚಿತ್ರ ನೋಡಿದಳು. ಪುಸ್ತಕವನ್ನು ಮೆಷಿನ್ನಿನ ಮೇಲಿಟ್ಟು, ಒದ್ದೆ ಬಟ್ಟೆಯನ್ನೂ ಬಿಟ್ಟು ಹೊರಟುಹೋದಳು.

ಸಂಜೆ ಐಶ್ವರ್ಯಾ ಹಣೆ ಚಚ್ಚಿಕೊಂಡಳು. "ಅಪ್ಪಾ, ಆಕೀ ಊರ ಮ್ಯಾಲೆ ಬಾಂಬ್ ಹಾಕಾಕತ್ತವರ ಪುಸ್ತಕ ಆಕೀಗೇ ಕೊಟ್ಟಿಯಲ್ಲ."

"ನಮ್ಮ ಕಾಲಕ್ಕ ಅದೆಲ್ಲಾ ಒಂದೇ ದೇಶ ಇತ್ತವ್ವಾ," ಅಂದರು ಮುದುಕರು.

ಎರಡು ಗುರುವಾರ ಅವಳು ಬರಲಿಲ್ಲ. ಅಪ್ಪಾಸಾಹೇಬರು ಚಾದರದ ತುದಿಯನ್ನು ಗದ್ದದ ಕೆಳಗೆ ಒತ್ತಿಕೊಂಡು ಮಡಚಲು ನೋಡಿ, ಸೋತು, ಮುದ್ದೆ ಮಾಡಿ ಒಯ್ದರು.

ಇವತ್ತು ಬೆಳಿಗ್ಗೆ ಬಂದಳು. ಸೈನ್ಯದಲ್ಲಿರುವ ಮಗ ಫೋನ್ ಮಾಡಿ ಒಂಬತ್ತು ದಿನವಾಯಿತಂತೆ. ಅವಳು ಕಣ್ಣು ಮುಚ್ಚಿಯೂ ಒಂಬತ್ತು ದಿನ. ಅಪ್ಪಾಸಾಹೇಬರು ತಪ್ಪಾಯಿತೆಂದು ಕೈ ಮುಗಿದರು, ಪುಸ್ತಕವನ್ನು ಕಸಕ್ಕೆ ಹಾಕುತ್ತೇನೆ ಅಂದರು. ಅವಳು ಫೋನು ಎತ್ತಿದಳು.

"ನನ್ನ ಮಗನತ್ತ ಗುಂಡು ಹಾರಿಸುವವನೂ ಶಾಲೆಯಲ್ಲಿ ಇದನ್ನೇ ಓದಿರುತ್ತಾನೆ," ಅಂದಿತು ಫೋನು. "ಅವನಿಗೆ ಇದು ಏನನ್ನು ಕಲಿಸಿತು?"

ಗಿರಣಿ ಮಾಲೀಕರ ಬಾಯಿ ಮುಚ್ಚಿಸಿದ ಮನುಷ್ಯ ದನಿ ತಗ್ಗಿಸಿ ಅಂದರು: "ಅವಂದು ನಾ ಹ್ಯಾಂಗ ಹೇಳ್ಲಿರೀ. ನಮಗಂತೂ ಹಂಚ್ಕೊಂಡು ಉಣ್ಣೂದ ಕಲಿಸ್ತು."

ಫೋನು ಅದನ್ನು ಅವಳಿಗೆ ಹೇಳಿತು. ಅವಳು ಪುಸ್ತಕವನ್ನು ಅವರ ಕಡೆ ಸರಿಸಿದಳು, ಅವಳ ಮಾತು ಫೋನಿನಿಂದ ಬಂತು: "ಓದಿ. ನಿಮ್ಮ ಭಾಷೆಯಲ್ಲಿ. ನನಗೆ ಅರ್ಥವಾಗದಿರಲಿ." ಆಮೇಲೆ ಫೋನಿನ ಅನುವಾದ ಆಫ್ ಮಾಡಿದಳು.

ಅರ್ಧ ಪುಟ ಮುಗಿಯುವುದರೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಅವಳಿಗೆ ನಿದ್ದೆ ಹತ್ತಿತು. ಓದು ನಿಂತರೆ ರೆಪ್ಪೆ ಅದುರುತ್ತದೆ, ಮುಂದುವರಿದರೆ ಉಸಿರು ನಿಧಾನವಾಗುತ್ತದೆ. ಬೆಳಿಗ್ಗೆಯಿಂದ ಮುದುಕರು ನೀರೂ ಕುಡಿದಿಲ್ಲ. ಈಗಷ್ಟೇ ಇಣುಕಿ ಬಂದೆ: ತೊಂಬತ್ತನೆಯ ಪುಟ, ಗಂಟಲಿನಿಂದ ಬರೀ ಗಾಳಿ ಬರುತ್ತಿದೆ. ನನ್ನ ಶಾಲೆ ಎರಡನೇ ಕ್ಲಾಸಿಗೇ ಮುಗಿದದ್ದು. ನೀವಾದರೆ ದಿನಾ ಪೇಪರ್ ಓದುವವರು, ಕನ್ನಡಕ ಜೇಬಿನಲ್ಲೇ ಇದೆ. ಹೋಗಿ, ತೊಂಬತ್ತೊಂದರಿಂದ ಹಿಡಿಯಿರಿ. ಹಾಗೇ ಎರಡನೆಯ ಡ್ರೈಯರಿನಲ್ಲಿ ನನ್ನ ಪಂಚೆ ಇದೆ, ಬಾಗಿಲು ಸದ್ದಾಗದ ಹಾಗೆ ತೆಗೆದುಕೊಂಡು ಬನ್ನಿ.