ಅಂಗಡಿಗೆ ಮರಳಿದ ಯಂತ್ರ

ವಿಡಾತಿ ಸ್ಕೂಟರ್ ನಿಲ್ಲಿಸುವ ಮೊದಲೇ ಅಂಗಳದಿಂದ ಯಂತ್ರದ ಸದ್ದು ಕೇಳಿಸಿತು. ಬಡ್ಡಿ ಮುಟ್ಟದ ತನ್ನ ಸಹಕಾರ ಸಂಘದ ಪರವಾಗಿ ಇವತ್ತು ಅಂಗಡಿಯಿಂದ ತಾನು ಕೊಂಡು, ಆಮೇಲೆ ತುಮಿರಾಳಿಗೆ ಕಂತಿನ ಮೇಲೆ ಮಾರಬೇಕಿದ್ದ ಸೋಯಾ ಕಾಳು ಒಡೆಯುವ ಯಂತ್ರ ಅದು.

"ಬಾ ಮಗಳೇ! ನಿನಗ್ಯಾಕೆ ತೊಂದ್ರೆ ಅಂತ ನಿನ್ನೆ ನಾನೇ ತಂದ್ಬಿಟ್ಟೆ," ಎಂದಳು ಸೋಯಾ ಕಾಳು ಹುದುಗಿಸಿ ತೆಂಪೆ ಮಾಡಿ ಮಾರುವ ತುಮಿರಾ. "ಬಡ್ಡಿ ಸರ್ದಿಯೋ ಹತ್ರ ದುಡ್ಡು ಎತ್ತಿದೀನಿ. ಸಂಜೆ ಬರ್ತಾನೆ. ನೀನು ಸಂಘದ ದುಡ್ಡು ಕೊಟ್ರೆ ಅವನ ಮುಖಕ್ಕೆ ಎಸೀತೀನಿ."

"ನಿಮ್ದೇ ಯಂತ್ರಾನ ನಿಮಗೇ ಹೇಗೆ ಮಾರಲಿ ಬು?" ಹಿರಿಯಳಾದ ಅವಳನ್ನು ವಿಡಾತಿ ಅಮ್ಮ ಎನ್ನುವಂತೆ 'ಬು' ಎನ್ನುತ್ತಿದ್ದಳು. "ಬರೀ ದುಡ್ಡು ಕೊಟ್ಟು ಹೆಚ್ಚಿಗೆ ತಗೊಂಡ್ರೆ ನಮ್ದೂ ಬಡ್ಡೀನೇ."

"ಯಾರಿಗೆ ಗೊತ್ತಾಗುತ್ತೆ?"

"ನಮ್ಮಿಬ್ಬರಿಗೆ ಗೊತ್ತಲ್ಲ."

"ಅಬ್ಬಾ, ಮೆಕ್ಕಾಗೆ ಹೋಗಿ ಬಂದವಳ ಗತ್ತು ನೋಡು! ಸರ್ದಿಯೋ ಇದನ್ನ ಹೊತ್ಕೊಂಡು ಹೋದ್ರೆ ನಿನ್ನ ನಿಯಮ ಕಾಳು ಒಡೆದುಕೊಡುತ್ತಾ?"

ವಿಡಾತಿ ಮ್ಯಾನೇಜರಿಗೆ ಫೋನ್ ಮಾಡಿದಳು. ಸಂಘವೇ ಕೊಂಡು ಮಾರಿದ ಹಾಗೆ ನಿನ್ನೆಯ ತಾರೀಖು ಹಾಕಿ ಸಹಿ ತಗೋ, ಎಂದು ಅವರು ಫೋನ್ ಇಟ್ಟುಬಿಟ್ಟರು. ತನ್ನದು ಬರೀ ಹಟವೇ? ಒಳಗೊಳಗೇ ಅಳುಕಾಯಿತು. ಆದರೂ ಕೈ ಪೆನ್ನಿಗೆ ಹೋಗಲಿಲ್ಲ.

"ಅಂಗಡಿಗೇ ವಾಪಸ್ ಕೊಡೋಣ ಬು. ಅವರಿಂದ ಸಂಘ ಕೊಳ್ಳಲಿ."

ಯಂತ್ರವನ್ನು ಮರಳಿ ಸಾಗಿಸಿದಾಗ ಅಂಗಡಿಯ ಮಾಲೀಕ ಕೋ ಬಿಂಗ್, ಎಂದರೆ ಬಿಂಗಣ್ಣ, ಅದರ ಬಾಯಿಗೆ ಮೂಗು ಹಿಡಿದರು. "ಕಾಳಿನ ವಾಸನೆ. ಮದುವೆಯಾದ ಹುಡುಗೀನ ತವರಿಗೆ ತಂದ ಹಾಗಿದೆ."

"ಒಂದೇ ದಿನ ಸಂಸಾರ ಮಾಡಿದಾಳೆ, ಸೇರಿಸ್ಕೊಳ್ಳಿ ಕೋ," ಎಂದಳು ತುಮಿರಾ. ನಗಲಿಲ್ಲ.

ಅವರು ತುಸು ಮುರಿದುಕೊಂಡು ಹಣ ಹಿಂದಿರುಗಿಸಿದರು. ತುಮಿರಾ ತುಟಿ ಕಚ್ಚಿ ಎಣಿಸಿಕೊಂಡಳು. ವಿಡಾತಿ ಸಂಘದ ಹಣ ಕೊಟ್ಟು ಯಂತ್ರ ಕೊಂಡಳು. ಕೊಂಡ ಬೆಲೆ, ಅದರ ಮೇಲೆ ಸಂಘದ ಲಾಭ, ಎರಡನ್ನೂ ಬಿಡಿಸಿ ಹೇಳಿದಳು. ಇನ್ನೊಂದು ಮಾತು ಉಳಿದಿತ್ತು. ಅದನ್ನು ನುಂಗಿಬಿಡಬಹುದಿತ್ತು.

"ಈಗ ಇದು ಸಂಘದ್ದು. ನೀವು ಬೇಡ ಅಂದ್ರೂ ಅನ್ನಬಹುದು ಬು."

ತುಮಿರಾಳ ಸೆರಗಿನಲ್ಲಿ ಸರ್ದಿಯೋನ ಸಾಲ ತೀರುವಷ್ಟು ಹಣವಿತ್ತು. ಮುರಿದುಕೊಂಡದ್ದನ್ನು ಹೇಗೋ ಹೊಂದಿಸಬಹುದು. ಅವಳು ಬೇಡವೆಂದರೆ ಈ ಯಂತ್ರ ವಿಡಾತಿಯ ತಲೆಗೆ ಬೀಳುತ್ತಿತ್ತು, ಬಹುಶಃ ಅವಳ ಕೆಲಸಕ್ಕೂ ಸಂಚಕಾರ. ತುಮಿರಾ ಮೊದಲ ಸಲ ನೋಡುವವಳಂತೆ ಯಂತ್ರವನ್ನು ಒಂದು ಸುತ್ತು ಹಾಕಿದಳು. ಕಾಲಿನಿಂದ ಒದ್ದಳು.

"ಅಲ್ಲಾಡುತ್ತೆ," ಎಂದಳು. "ಇಂಥಾದ್ದನ್ನ ಮಾರೋಕೆ ಬಂದಿದೀಯ?"

ವಿಡಾತಿ ಬಗ್ಗಿ ಯಂತ್ರದ ಕಾಲು ನೋಡಿದಳು.

ತುಮಿರಾ ಗೊಣಗುತ್ತ ಕುಕ್ಕರಗಾಲಿನಲ್ಲಿ ಕುಳಿತಳು. ಸಡಿಲವಾಗಿದ್ದ ಒಂದು ಬೋಲ್ಟನ್ನು ಬೆರಳಿನಿಂದಲೇ, ಬಿಗಿಯಾಗುವವರೆಗೂ ತಿರುವತೊಡಗಿದಳು.