ಎಳ್ಳಿನಷ್ಟು ಅಂಗೈ

ಜೇವರ್ಗಿಗೆ ಆ ಕಾಲದಲ್ಲಿ ರೈಲು ಇರಲಿಲ್ಲ. ಇದ್ದದ್ದು ಒಂದೇ ಕಡೆ, ಅಬ್ದುಲ್ ಗನಿ ಸಾಹೇಬರ ಪಡಸಾಲೆಯಲ್ಲಿ. ಮೂವತ್ತು ವರ್ಷ ಸ್ಟೇಷನ್ ಮಾಸ್ತರಿಕೆ ಮಾಡಿ, ಕೊನೆಯ ಐದು ವರ್ಷ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಕಳೆದು, ರಿಟೈರಾಗಿ ಊರಿಗೆ ಬಂದ ಮನುಷ್ಯ ಸುಮ್ಮನೆ ಕೂಡಬೇಕೋ ಬೇಡವೋ? ಕೂಡಲಿಲ್ಲ. ಎರಡು ಹಳೇ ಬಾಗಿಲು ಜೋಡಿಸಿ, ಅದರ ಮೇಲೆ ಅದೇ ಸ್ಟೇಷನ್ನನ್ನು ಕಟ್ಟತೊಡಗಿದರು. ಹಳಿ ಬಂತು, ಸಿಗ್ನಲ್ ಬಂತು, ನೀರಿನ ಟಾಕಿ ಬಂತು, ಬೇವಿನ ಗಿಡವೂ ಬಂತು. ಚಾವಿ ಕೊಟ್ಟರೆ ಓಡುವ ಪುಟ್ಟ ಗಾಡಿಯನ್ನು ಮುಂಬಯಿಯ ಹಳೇ ಸಾಮಾನಿನ ಅಂಗಡಿಯಿಂದ ತಂದರು. ಅದರ ಜೊತೆಗೇ ಒಂದು ಡಬ್ಬಿಯ ತುಂಬ ಮಂದಿಯನ್ನೂ ತಂದರು.

ಮಂದಿ ಅಂದರೆ ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಪ್ಲಾಸ್ಟಿಕ್ ಮಂದಿ. ಬಣ್ಣವಿಲ್ಲ, ಎಲ್ಲರೂ ಬೂದಿ ಬಳಿದುಕೊಂಡವರ ಹಾಗಿದ್ದರು. ಅವರಿಗೆ ಬಣ್ಣ ಹಚ್ಚಲು ಸಾಹೇಬರು ಕರೆಸಿದ್ದು ಬೋರ್ಡು ಬರೆಯುವ ಜಗದೇವಪ್ಪನನ್ನು. ಜೇವರ್ಗಿ ಬಜಾರಿನಲ್ಲಿ ಅವನ ಅಕ್ಷರ ಹೊತ್ತುಕೊಳ್ಳದ ಅಂಗಡಿ ಇರಲಿಲ್ಲ. ಐವತ್ತೆರಡರ ಆಳು, ಒಬ್ಬನೇ ಇದ್ದ. ಮಾರುದ್ದದ ಅಕ್ಷರ ಬರೆದ ಕೈಗೆ ಈ ಕೆಲಸ ಮೊದಲು ಬೇಸರ ತರಿಸಿತು. ಆಮೇಲೆ ಕುಂಚದ ಕೂದಲನ್ನೆಲ್ಲ ಕಿತ್ತು ಮೂರೇ ಮೂರು ಉಳಿಸಿಕೊಂಡ. ಗೊಂಬೆಯ ಪಾದವನ್ನು ಮೇಣದಿಂದ ಕಡ್ಡಿಯ ತುದಿಗೆ ಅಂಟಿಸಿಕೊಂಡ. ಉಸಿರು ಬಿಗಿಹಿಡಿದು ಹಚ್ಚುವುದು ಕಲಿತ.

ಡಬ್ಬಿಯೊಳಗಿನವರೆಲ್ಲ ಪರದೇಶದವರು. ಒಬ್ಬ ತಲೆಯ ಮೇಲಿನ ಟೋಪಿಯನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ.

"ಇಂವ ಯಾಕ್ರಿ ಟೊಪಗಿ ತಗದು ನಿಂತಾನ? ಸೆಕಿ ಆಗೇದೇನು?" ಎಂದು ಜಗದೇವಪ್ಪ ಕೇಳಿದ.

"ಅದು ಅವರ ನಮಸ್ಕಾರ" ಎಂದರು ಗನಿ ಸಾಹೇಬರು. "ನನ್ನ ಸ್ಟೇಷನ್ನಾಗ ಅಂಥಾವ ಒಬ್ಬನೂ ಇಳದಿಲ್ಲ. ಏನರ ಮಾಡ್ರಿ ಅವಗ."

ಜಗದೇವಪ್ಪ ಬ್ಲೇಡಿನಿಂದ ಟೋಪಿ ಹೆರೆದು, ಕೈಗೊಂದು ಗಂಟು ಕೂರಿಸಿ, ಕೆಂಪು ಅಂಗಿ ತೊಡಿಸಿದ. ನಮಸ್ಕಾರ ಮಾಡುತ್ತಿದ್ದ ದೊರೆ ಹಮಾಲನಾದ. ಉದ್ದ ಲಂಗದ ಹೆಂಗಸಿಗೆ ಅಂಟು ಕಲಸಿದ ಸುಣ್ಣದ ಪುಡಿಯಿಂದ ಸೆರಗು ಹೊದಿಸಿ ಸೀರೆ ಉಡಿಸಿದ. ಒಬ್ಬ ಯಜಮಾನ ಹಗ್ಗ ಹಿಡಿದು ನಿಲ್ಲಿಸಿಕೊಂಡಿದ್ದ ನಾಯಿಯನ್ನು ಆಡಿನ ಮರಿ ಮಾಡಿದ. ಸಾಹೇಬರು ನಕ್ಕು ನಕ್ಕು ಕೆಮ್ಮಿದರು.

ಒಂದು ಮಾತಿನಲ್ಲಿ ಮಾತ್ರ ಸಾಹೇಬರು ಬಿಗಿ. ಜಗದೇವಪ್ಪ ಮೊದಲ ಗೊಂಬೆಗೆ ಎರಡು ಕಣ್ಣು ಬರೆದು ತೋರಿಸಿದಾಗ ಮುಖ ಗಂಟು ಹಾಕಿದರು. "ಸ್ಟೇಷನ್ ಫಲಾಟದ ಈ ತುದಿಗೆ ನಿಂತು ಆ ತುದಿಗಿನವರನ್ನ ನೋಡಿದ್ರ ಕಣ್ಣು ಕಾಣ್ತಾವೇನ್ರಿ? ಗೊತ್ತದ ಅಂತ ಬರೀಬ್ಯಾಡ್ರಿ. ಕಂಡದ್ದಷ್ಟೇ ಬರೀರಿ" ಎಂದರು. ಮಾತು ಖರೆ ಇತ್ತು. ಕಣ್ಣು ಅಳಿಸಿ ಹಣೆಯ ಕೆಳಗೆ ಒಂದು ನೆರಳು ಎಳೆದರೆ ಗೊಂಬೆ ನೋಡತೊಡಗುತ್ತಿತ್ತು. ಅಂದಿನಿಂದ ಜಗದೇವಪ್ಪ ಪ್ರತಿ ಗೊಂಬೆ ಹಿಡಿದಾಗಲೂ ಕಣ್ಣು ಮುಚ್ಚಿ, ಎಲ್ಲೋ ಕಂಡವರೊಬ್ಬರನ್ನು ನೆನೆದು, ಕಂಡದ್ದಷ್ಟನ್ನೇ ಹಚ್ಚುತ್ತಿದ್ದ.

ನಾಲ್ಕು ತಿಂಗಳು ಹೀಗೆ ನಡೆಯಿತು. ಬೆಳಿಗ್ಗೆ ಸಾಹೇಬರ ಕಿಟಕಿಯ ಹತ್ತಿರ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಸಂಜೆ ತನ್ನ ಮನೆಯ ಕೀಲಿ ತೆಗೆಯುವಾಗ ಮಾತ್ರ ಸಂಕಟ. ಒಳಗೆ ಹೋದರೆ ಬೆಳಿಗ್ಗೆ ಇಟ್ಟ ತಂಬಿಗೆ ಇಟ್ಟಲ್ಲೇ ಇರುತ್ತಿತ್ತು. ಯಾರೂ ಸರಿಸಿಲ್ಲ, ಯಾರೂ ನೀರು ಕುಡಿದಿಲ್ಲ. ಮನೆಯೆಂದರೆ ಇಷ್ಟು ತಣ್ಣಗಿರಬಾರದು ಎಂದು ಅವನಿಗೆ ಅನ್ನಿಸುತ್ತಿತ್ತು. ದಪ್ಪ ರೊಟ್ಟಿ ಬಡಿದುಕೊಂಡು, ಖಾರದ ಹಿಂಡಿ ಹಚ್ಚಿಕೊಂಡು ತಿಂದು ಮಲಗುತ್ತಿದ್ದ.

ಹೆಂಡತಿ ಗುರುಬಾಯಿ ತವರಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಜಗಳದ ಕಾರಣ ಕೇಳಿದರೆ ನೀವು ನಗುತ್ತೀರಿ. ದೌಲತರಾಯನ ಸೀರೆ ಅಂಗಡಿಯ ಬೋರ್ಡಿನ ಮೇಲೆ ಸೀರೆ ಉಟ್ಟ ಹೆಣ್ಣೊಂದನ್ನು ಬರೆಯಬೇಕಿತ್ತು. ಜಗದೇವಪ್ಪನ ಕೈಗೆ ಬೇರೆ ಮುಖ ಬರಲಿಲ್ಲ, ಗುರುಬಾಯಿಯನ್ನೇ ಬರೆದ. ಸಂತೆಗೆ ಹೋದ ಅವಳನ್ನು ನೋಡಿ ನಾಲ್ಕು ಮಂದಿ ಮೇಲೆ ಬೋರ್ಡು ನೋಡಿದರು, ಕೆಳಗೆ ಇವಳನ್ನು ನೋಡಿದರು, ಹಲ್ಲು ಕಿಸಿದರು. ಅವಳು ಮನೆಗೆ ಬಂದು ಕೆಂಡವಾದಳು.

"ನನ್ನ ಬಜಾರದಾಗ ನಿಲ್ಲಿಸಿದ್ರಲ್ಲ! ಅಳಸ್ರಿ ಅದನ್ನ."

"ಯಾರಿಗೂ ಗೊತ್ತಾಗಂಗಿಲ್ಲ ಬಿಡು" ಎಂದಿದ್ದ ಅವನು. ಬೋರ್ಡು ಅಷ್ಟು ಚಂದ ಬಂದಿತ್ತು, ಅಳಿಸಲು ಮನಸ್ಸಾಗಲಿಲ್ಲ. ಅದೇ ಖರೆ ಮಾತು.

ಮರುದಿನ ನಾಗರ ಪಂಚಮಿ. ಕರೆಯಲು ಅಣ್ಣ ಬರುವುದನ್ನೂ ಕಾಯದೆ, ರಾತ್ರಿ ಹಚ್ಚಿಕೊಂಡ ಮದರಂಗಿ ಕೈಯಲ್ಲೇ ಗಂಟು ಹಿಡಿದು ಗುರುಬಾಯಿ ಕಲಬುರ್ಗಿ ಬಸ್ಸು ಹತ್ತಿದಳು. ತವರು ಗಾಣಗಾಪುರ ರೋಡ್ ಸ್ಟೇಷನ್ನಿನ ಮಗ್ಗುಲ ಹಳ್ಳಿ, ಕಲಬುರ್ಗಿಯಿಂದ ರೈಲುಗಾಡಿಯಲ್ಲಿ ಮುಕ್ಕಾಲು ತಾಸಿನ ಹಾದಿ. ಜಗದೇವಪ್ಪ ಮುಂದಿನ ಬಸ್ಸಿಗೆ ಬೆನ್ನು ಹತ್ತಿದ. ಅವನು ಕಲಬುರ್ಗಿ ಸ್ಟೇಷನ್ನಿನ ಫಲಾಟಕ್ಕೆ ಕಾಲಿಡುವುದಕ್ಕೂ ಗಾಡಿ ಅಲುಗುವುದಕ್ಕೂ ಸರಿಹೋಯಿತು. ಮೂರನೇ ಡಬ್ಬಿಯ ಕಿಟಕಿಯಿಂದ ಗುರುಬಾಯಿಯ ಕೈ ಹೊರಗೆ ಬಂದು ಆಡಿತು. ಆಗ ಊರ ತುಂಬ ಟಾಟಾ ಮಾಡುವ ಹೊಸ ಹುಚ್ಚು. ಇವಳು ತನಗೆ ಟಾಟಾ ಮಾಡಿ ನಡೆದಳು ಎಂದು ಜಗದೇವಪ್ಪನ ಮೈ ಉರಿಯಿತು. ತಾನಾಗಿ ಹೋದವಳು ತಾನಾಗಿ ಬರಲಿ ಎಂದು ಬೆನ್ನು ತಿರುಗಿಸಿ ಬಂದ. ನಮ್ಮ ಕಡೆ ತವರಿಗೆ ಹೋದ ಹೆಣ್ಣುಮಗಳು ತಾನಾಗಿ ಬರುವುದಿಲ್ಲ, ಗಂಡ ಹೋಗಿ ಕರೆದುತರಬೇಕು. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕೂತ. ಒಂದು ಪಂಚಮಿ ಹೋಯಿತು, ಎರಡು ಹೋದವು, ಆಮೇಲೆ ಹೋಗಲು ನಾಚಿಕೆ ಅಡ್ಡ ಬಂತು.

ಎಂಬತ್ತಾರನೇ ಇಸವಿಯ ಶ್ರಾವಣದ ಒಂದು ದಿನ ಗನಿ ಸಾಹೇಬರು ಗಾಡಿಯ ಡಬ್ಬಿಗಳನ್ನು ಒರೆಸುತ್ತ, "ಕಿಟಕ್ಯಾಗ ಒಂದು ಹೆಣಮಗಳು ಬೇಕ್ರಿ ಜಗದೇವಪ್ಪ, ಕೈ ಹೊರಗ ಚಾಚಿ ಟಾಟಾ ಮಾಡಾಕತ್ತಿರಬೇಕು. ಗಾಡಿ ಹೊಂಟದ ಅಂತ ಆವಾಗ ಗೊತ್ತಾಗ್ತದ" ಎಂದರು.

ಗೊಂಬೆಗಳ ಡಬ್ಬಿಯಲ್ಲಿ ಕೈ ಎತ್ತಿದವಳು ಒಬ್ಬಳಿದ್ದಳು. ಜಗದೇವಪ್ಪ ಸೊಂಟದ ತನಕ ಕತ್ತರಿಸಿ, ಗಿಣಿಹಸಿರು ಸೀರೆ ಉಡಿಸಿದ, ಕೆಂಪು ಕುಪ್ಪಸ ತೊಡಿಸಿದ. ಯಾರನ್ನು ನೆನೆದು ಹಚ್ಚುತ್ತಿದ್ದೇನೆಂದು ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಉಳಿದದ್ದು ಅಂಗೈ. ಅಂಗೈಯೆಂದರೆ ಒಂದು ಎಳ್ಳಿನಷ್ಟು. ಮದರಂಗಿ ಇತ್ತಲ್ಲ, ಕೆಂಪು ಇಡಬೇಕು. ಕುಂಚದ ತುದಿಗೆ ಕೆಂಪು ತಗೊಂಡು ಅಂಗೈಯ ಹತ್ತಿರ ಒಯ್ದವನು ಅಲ್ಲೇ ನಿಂತುಬಿಟ್ಟ.

ಮದರಂಗಿ ಇದ್ದದ್ದು ಅವನಿಗೆ ಗೊತ್ತಿತ್ತು. ಆದರೆ ಕಂಡಿತ್ತೇ?

ಕಣ್ಣು ಮುಚ್ಚಿದ. ಕಿಟಕಿ ಕಂಡಿತು, ಇಂಜಿನ್ನಿನ ಹೊಗೆ ಕಂಡಿತು, ಹಸಿರು ಬಳೆ ಕಂಡವು. ಬೆರಳಿನ ಗೆಣ್ಣುಗಳು ಕಂಡವು, ಬೆಳ್ಳಿ ಉಂಗುರದ ಹರಳು ಕಂಡಿತು. ಕೆಂಪು ಕಾಣಲಿಲ್ಲ. ಟಾಟಾ ಮಾಡಿದ್ದರೆ ಅಂಗೈ ಇವನ ಕಡೆ ತಿರುಗಿರಬೇಕಿತ್ತು, ಹೊಸ ಮದರಂಗಿಯ ಕೆಂಪು ಕಣ್ಣಿಗೆ ಹೊಡೆಯಬೇಕಿತ್ತು. ಕಂಡದ್ದು ಮುಂಗೈ. ಅಂಗೈ ಕೆಳಗಿತ್ತು, ಬೆರಳು ಒಳಗೆ ಮಡಚುತ್ತಿದ್ದವು.

ಜಗದೇವಪ್ಪ ಕುಂಚ ಕೆಳಗಿಟ್ಟ. ಸಾಹೇಬರಿಗೆ ಏನೂ ಹೇಳದೆ ಎದ್ದು ಮನೆಗೆ ಬಂದ. ತನ್ನ ನೆನಪನ್ನು ತಾನೇ ನಂಬಲಾರದೆ, ಬಾಗಿಲಲ್ಲಿ ನಿಂತು ತನ್ನ ಕೈಯನ್ನು ಹಾಗೇ, ಅಂಗೈ ಕೆಳಗೆ ಮಾಡಿ, ಆಡಿಸಿ ನೋಡಿದ. ಎದುರು ಮನೆಯ ಕಸ್ತೂರಿಬಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೊರ ಇಟ್ಟು ಎದ್ದು ಬಂದೇಬಿಟ್ಟಳು.

"ಯಾಕ್ರಿ ಅಣ್ಣಾರ, ಕರದ್ರಿ?"

"ಇಲ್ಲವ್ವ, ಸುಮ್ನ" ಎಂದ ಜಗದೇವಪ್ಪ. ಎತ್ತಿದ ಕೈ ಇಳಿಸಿದ.

"ಸುಮ್ನ ಯಾರರ ಹಿಂಗ ಕರೀತಾರೇನ್ರಿ?" ಎಂದು ಕಸ್ತೂರಿಬಾಯಿ ಗೊಣಗುತ್ತ ಹೋದಳು.

ಕರೆದಿದ್ದಳು! ಹನ್ನೊಂದು ವರ್ಷ ಟಾಟಾ ಎಂದು ಎದೆಯಲ್ಲಿಟ್ಟುಕೊಂಡು ಉರಿದ ಕೈ ಬಾ ಎಂದಿತ್ತು. ಜಗದೇವಪ್ಪ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತ. ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ ಅತ್ತ.

ಮರುದಿನ ಸೂಜಿ ಕಾಸಿ ಗೊಂಬೆಯ ಮಣಿಕಟ್ಟನ್ನು ಕೆಳಗೆ ತಿರುಗಿಸಿದ. ಮುಂಗೈಗೆ ಮೈಬಣ್ಣ ಹಚ್ಚಿದ, ಬಳೆ ಬರೆದ, ಉಂಗುರದ ಜಾಗದಲ್ಲಿ ಕೂದಲ ತುದಿಯಷ್ಟು ಬೆಳ್ಳಿ ಇಟ್ಟ. ಕಡ್ಡಿಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಅದರ ಮೇಲೆ ಅವಳನ್ನು ಮಲಗಿಸಿದ.

"ಸಾಹೇಬ್ರ, ಇದನ್ನ ಎರಡು ದಿನ ಒಯ್ತೇನಿ. ಆಕಿಗೆ ತೋರಸ್ತೇನಿ" ಎಂದು ಎಲ್ಲವನ್ನೂ ಹೇಳಿದ.

ಸಾಹೇಬರು ಕಡ್ಡಿಪೆಟ್ಟಿಗೆಯನ್ನು ತಾವೇ ಮುಚ್ಚಿ ಅವನ ಕೈಗಿಟ್ಟರು. "ಹೋಗಿ ಬರ್ರಿ. ಆದ್ರ ಗೊಂಬಿ ಯಾಕ್ರಿ? ನೀವು ಹೋದ್ರ ಸಾಕಲ್ಲ?"

"ತೋರಿಸಿದ್ರ ಆಕಿಗೆ ತಿಳೀತದ್ರಿ" ಎಂದ ಜಗದೇವಪ್ಪ. ಸಾಹೇಬರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಗಾಡಿಯಲ್ಲಿ ಮುಕ್ಕಾಲು ತಾಸು ಕೂತದ್ದು ಅವನಿಗೆ ಕಣ್ಣು ಮಿಟುಕಿಸಿದಷ್ಟಾಯಿತು. ಇಷ್ಟೇ ದೂರವಿತ್ತೇ ಎಂದು ನಾಚಿಕೊಂಡ. ಸ್ಟೇಷನ್ನಿನಿಂದ ಹಳ್ಳಿಗೆ ನಡೆದು ಹೋದರೆ ಗುರುಬಾಯಿ ಅಣ್ಣನ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಳು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅವನನ್ನು ನೋಡಿ ಚೀರಲಿಲ್ಲ, ಅಳಲಿಲ್ಲ. "ಬರ್ರಿ" ಎಂದಳು. ಕಾಲಿಗೆ ನೀರು ಕೊಟ್ಟಳು. ಬೆಲ್ಲದ ತುಣುಕು, ನೀರಿನ ತಂಬಿಗೆ ತಂದಿಟ್ಟಳು. ಮನೆಯವರು ಹೊಲಕ್ಕೆ ಹೋಗಿದ್ದರು.

ಜಗದೇವಪ್ಪನಿಗೆ ಬೆಲ್ಲ ಬಾಯಿಗಿಡುವಷ್ಟೂ ತಾಳ್ಮೆ ಇರಲಿಲ್ಲ. ಕಡ್ಡಿಪೆಟ್ಟಿಗೆ ತೆಗೆದು ಅವಳ ಮುಂದೆ ಹಿಡಿದ.

"ನೋಡು, ಕೈ ನೋಡು. ಅಂಗೈ ಕೆಳಗ ಅದ. ನೀ ಅವತ್ತ ನನ್ನ ಕರದಿ. ಹೌದಲ್ಲ?"

ಗುರುಬಾಯಿ ಪೆಟ್ಟಿಗೆಯನ್ನು ಕಣ್ಣ ಹತ್ತಿರ ಒಯ್ದು ನೋಡಿದಳು. ಸೀರೆ ನೋಡಿದಳು, ಬಳೆ ನೋಡಿದಳು.

"ಕರದೆ" ಎಂದಳು. "ನೀವು ಬಂದದ್ದು ನೋಡಿ ಜೀವ ತಡೀಲಿಲ್ಲ. ಮುಂದಿನ ಗಾಡಿಗೆ ಬರ್ರಿ ಅಂತ ಕರದೆ. ಇಲ್ಲಿ ಇಳದು ಸ್ಟೇಷನ್ನಾಗ ಸಂಜಿತನಕ ಕುಂತೆ. ಸಂಜಿಗಾಡಿ ಬಂತು, ನೀವು ಬರಲಿಲ್ಲ."

"ನಾ ಟಾಟಾ ಅಂದ್ಕೊಂಡೆ ನೋಡು!" ಎಂದು ಜಗದೇವಪ್ಪ ನಕ್ಕೇಬಿಟ್ಟ. ಹನ್ನೊಂದು ವರ್ಷದ ಕಲ್ಲು ಎದೆಯಿಂದ ಇಳಿದಿತ್ತು, ಪಾಪ, ನಗದೆ ಏನು ಮಾಡಿಯಾನು? "ಎಂಥಾ ತಪ್ಪಾತು! ಈಗ ಬರೋಬ್ಬರಿ ಬಂದದ ನೋಡು, ಉಂಗುರ ಸೈತ ಬಂದದ."

ಗುರುಬಾಯಿ ನಗಲಿಲ್ಲ. "ಮತ್ತ ನನ್ನ ಬರದ್ರಿ" ಎಂದಳು. "ಇದನ್ನ ಎಲ್ಲಿ ಇಡ್ತೀರಿ?"

"ಮಾಸ್ತರ ಸಾಹೇಬರ ಮನ್ಯಾಗಿನ ಆಟದ ಗಾಡ್ಯಾಗ. ಕಿಟಕ್ಯಾಗ."

"ಮಂದಿ ನೋಡಾಕ ಬರ್ತಾರ?"

"ಬರ್ತಾರ. ಆದ್ರ ಯಾರಿಗೂ ಗೊತ್ತಾಗಂಗಿಲ್ಲ ಬಿಡು..."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನ ಕಿವಿಗೇ ಅದು ಕೇಳಿಸಿತು. ನಾಲಿಗೆ ಕಚ್ಚಿಕೊಂಡ. ಹೊತ್ತು ಮೀರಿತ್ತು.

"ಒಂದು ಮಾತು ಹೇಳ್ರಿ" ಎಂದಳು ಗುರುಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಎಷ್ಟೋ ಚಲೋ ಇತ್ತು. "ನೀವು ನನ್ನ ಕರಿಯಾಕ ಬಂದೀರೋ, ಇದನ್ನ ತೋರಸಾಕ ಬಂದೀರೋ?"

ಹಾದಿಯುದ್ದಕ್ಕೂ ಅವನು ಯೋಚಿಸಿದ್ದು ಕೈಯ ಮಾತನ್ನೇ. ಅವಳು ಹೌದೆನ್ನುತ್ತಾಳೋ ಅಲ್ಲವೆನ್ನುತ್ತಾಳೋ, ಅಷ್ಟೇ. ಹೌದೆಂದ ಮೇಲೆ ಏನು ಎಂಬುದರ ತನಕ ಅವನ ಮನಸ್ಸು ಹೋಗಿರಲೇ ಇಲ್ಲ. ಅದನ್ನು ಒಪ್ಪಿಕೊಳ್ಳಲು ನಾಲಿಗೆ ಬರಲಿಲ್ಲ.

"ಕರಿಯಾಕ" ಎಂದ ಕಡೆಗೆ.

"ಅದನ್ನ ಮೊದಲು ಅನ್ನಬೇಕಿತ್ರಿ" ಎಂದು ಗುರುಬಾಯಿ ಎದ್ದು ಒಳಗೆ ಹೋದಳು.

ಬಿಸಿ ರೊಟ್ಟಿ ಬಡಿದಳು. ಪುಂಡಿಪಲ್ಯೆ ಬಡಿಸಿ, ಮೇಲೆ ಎಣ್ಣೆ ಹಾಕಿದಳು. ಅವನು ಸಾಕೆಂದರೂ ಮತ್ತೊಂದು ರೊಟ್ಟಿ ಹಾಕಿದಳು. ತೆಳ್ಳಗಿನ ರೊಟ್ಟಿ. ಹನ್ನೊಂದು ವರ್ಷ ಇಂಥ ರೊಟ್ಟಿ ತಿಂದಿರಲಿಲ್ಲ. ಎದುರಿಗೆ ಕೂತವಳನ್ನು ಏನಾದರೂ ಕೇಳಬೇಕೆಂದುಕೊಂಡ. ಊರಿಗೆ ಬರುವೆಯಾ ಎಂದು ಬಾಯಿಬಿಟ್ಟೇ ಕೇಳಿದರೆ ಹೇಗೆ ಎಂದೂ ಅನ್ನಿಸಿತು. ಅವಳು ನೀರು ತುಂಬಿಸಿ ಕೊಟ್ಟಳು, ಕುಡಿದ. ಕೇಳಲಿಲ್ಲ.

ಊಟವಾದ ಮೇಲೆ ಕಡ್ಡಿಪೆಟ್ಟಿಗೆಗೆ ಕೈ ಚಾಚಿದ. ಗುರುಬಾಯಿ ಅದನ್ನು ತನ್ನ ಕಡೆ ಎಳೆದುಕೊಂಡು, ಮುಚ್ಚಿ, ಮಷಿನ್ನಿನ ಗೂಡಿನಲ್ಲಿ ಹಾಕಿದಳು.

"ಇದು ನನ್ನಲ್ಲಿರಲಿ. ನಿಮ್ಮ ಸಾಹೇಬರಿಗೆ ಬ್ಯಾರೆ ಯಾರನ್ನರ ಮಾಡಿ ಕೊಡ್ರಿ."

"ಆತು" ಎಂದ ಜಗದೇವಪ್ಪ.

"ಗಾಡಿ ಹೊತ್ತಾತು. ಹೋಗ್ರಿ" ಎಂದಳು.

ಅವನು ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿದ. ಮೆಟ್ಟಿದ್ದನ್ನು ಬಿಚ್ಚಿ, ಇಲ್ಲದ ಕಲ್ಲನ್ನು ಕೊಡವಿ, ಮತ್ತೆ ಮೆಟ್ಟಿದ. ನಮ್ಮ ಸೀಮೆಯಲ್ಲಿ ಹೋಗುವವರಿಗೆ ಬರೀ ಹೋಗ್ರಿ ಎಂದು ಯಾರೂ ಅನ್ನುವುದಿಲ್ಲ. ಬಳೆಗಾರನಿಗೂ ಹೋಗಿ ಬರ್ರಿ ಅನ್ನುತ್ತೇವೆ, ಬೇಡವಾದ ಬೀಗನಿಗೂ ಅನ್ನುತ್ತೇವೆ. ಬರ್ರಿ ಎಂಬ ಆ ಇನ್ನೊಂದು ಮಾತಿಗಾಗಿ ಜಗದೇವಪ್ಪ ಅಂಗಳದ ಬೇವಿನ ಗಿಡದ ಬುಡದಲ್ಲಿ ಬಿಸಿಲು ಸರಿಯುವ ತನಕ ನಿಂತ. ಒಳಗೆ ಮಷಿನ್ನು ಹೊಲಿಯತೊಡಗಿತು.